ಗಡಿ ದಾಟುವ ಮಗು, ಬಡಿಯಿಂದ ಬರುವ ಚೀಟಿ

ಮಡಕಶಿರ ಸೀಮೆಯ ಅಮರಾಪುರ, ಅಗಳಿ, ರೊಳ್ಳ ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯೊಳಗೆ ತೆಲುಗು. ಇದು ಹೊಸದೇನೂ ಅಲ್ಲ, ನಮಗೆ ಹೊರೆಯೂ ಅಲ್ಲ. ಹಿಂದೂಪುರದಲ್ಲಿ ಹುಣಸೆಹಣ್ಣು ತೂಗಿಸುವಾಗ ತೆಲುಗು, ಶಿರಾದಲ್ಲಿ ಕಡಲೆಕಾಯಿ ಹಾಕುವಾಗ ಕನ್ನಡ ಆಡಿಕೊಂಡು ಬೆಳೆದವರು ನಾವು. ಅಡಂಗಲ್ ತೆಲುಗಿನಲ್ಲಿದ್ದರೂ ಸರ್ವೆ ನಂಬರು, ವಿಸ್ತೀರ್ಣ ಎರಡನ್ನೂ ತಡವರಿಸದೆ ಓದುತ್ತೇವೆ. ಬ್ಯಾಂಕಿನ ಸಾಲದ ಕಾಗದವನ್ನಂತೂ ಇಬ್ಬರ ಹತ್ತಿರ ಓದಿಸಿ ಆಮೇಲೆ ರುಜು ಹಾಕುತ್ತೇವೆ. ಆದರೆ ಮಕ್ಕಳ ಆರೋಗ್ಯದ ಬಗ್ಗೆ ಶಾಲೆಯಿಂದ ಬರುವ ಚೀಟಿಗೆ ಈ ಮರ್ಯಾದೆ ಇಲ್ಲ. ಓದದೆಯೇ ಹೆಬ್ಬೆಟ್ಟು ಒತ್ತಿ ಕಳಿಸುವವರು ಒಂದು ಕಡೆ, ಏನೋ ಎಂತೋ ಎಂದು ಹೆದರಿ ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯುವವರು ಇನ್ನೊಂದು ಕಡೆ. ಲಸಿಕೆ, ಮಾತ್ರೆ, ಕಾಯಿಲೆಯ ರಜೆ, ಈ ಮೂರರ ವಿಚಾರವನ್ನು ನಮ್ಮ ಕಡೆಯ ತಂದೆತಾಯಿಗಳಿಗೆ ನಮ್ಮದೇ ಮಾತಿನಲ್ಲಿ ತಿಳಿಸೋಣವೆಂದು ಈ ಬರಹ.

ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ನೇಗಿಲು ಹಿಡಿದವನು. ಎರಡು ಭಾಷೆಯಲ್ಲೂ ಒಂದಿಷ್ಟು ಪದ್ಯ ಕಟ್ಟುವ ಹುಚ್ಚು ಇರುವುದರಿಂದ ಊರಿನ ಯಾವ ಮನೆಗೆ ಚೀಟಿ ಬಂದರೂ ಸಂಜೆಯ ಹೊತ್ತಿಗೆ ಅದು ನಮ್ಮ ಜಗಲಿಗೆ ಬರುತ್ತದೆ. "ಯಣ್ಣಾ, ಇದ್ರಾಗೆ ಏನ್ ಬರ್ದವ್ರೆ ನೋಡು" ಅಂತ ಹೆಣ್ಣುಮಕ್ಕಳು ಸೆರಗಿನಿಂದ ಚೀಟಿ ತೆಗೆಯುತ್ತಾರೆ. ಕನ್ನಡದ ಅಕ್ಷರ, ತೆಲುಗಿನ ಅಕ್ಷರ ಅಕ್ಕತಂಗಿಯರಿದ್ದ ಹಾಗೆ. ಹಾಗಾಗಿ ಏಳನೇ ಕ್ಲಾಸು ಕನ್ನಡ ಓದಿದವಳು ತೆಲುಗನ್ನೂ ಕೂಡಿಸಿ ಕೂಡಿಸಿ ಓದಿಬಿಡುತ್ತಾಳೆ. ತೊಡಕು ಇರುವುದು ಅರ್ಥದಲ್ಲಿ.

ತೆಲುಗಿನಲ್ಲಿ 'ಬಡಿ' ಎಂದರೆ ಶಾಲೆ. (ನಾವು ಓದುವ ಕಾಲಕ್ಕೆ ಕನ್ನಡದ ಅರ್ಥವೂ ಅದೇ ಕಟ್ಟಡದೊಳಗೇ ಇತ್ತು, ಆ ಮಾತು ಬೇರೆ.) 'ಟೀಕಾ' ಎಂದರೆ ಲಸಿಕೆ. 'ಟೀಕಾ ಕಾರ್ಯಕ್ರಮಂ' ಎಂದು ಓದಿದ ಒಬ್ಬ ತಾಯಿ, "ಮಕ್ಕಳ್ನ ಟೀಕೆ ಮಾಡಾಕೆ ಒಂದು ಕಾರ್ಯಕ್ರಮ ಯಾಕಣ್ಣಾ ಬೇಕು, ಮೇಷ್ಟ್ರು ದಿನಾ ಮಾಡ್ತಾ ಇಲ್ವಾ" ಎಂದಳು. 'ತಟ್ಟು' ಎಂದರೆ ದಡಾರ. ನಮ್ಮವರಿಗೆ ತಟ್ಟು ಎಂದರೆ ಬೆನ್ನು ತಟ್ಟುವುದು, ಇಲ್ಲವೇ ಬೆರಣಿ ತಟ್ಟುವುದು. 'ಗವದ ಬಿಳ್ಳಲು' ಎಂದರೆ ಕೆನ್ನೆ ಊದುವ ಮಂಗನಬಾವು. 'ಬಿಳ್ಳ' ಎಂದರೆ ಮಾತ್ರೆ ಎಂಬ ಅರ್ಧ ತೆಲುಗು ಬಲ್ಲವರು ಅದನ್ನು ಯಾವುದೋ ಹೊಸ ಮಾತ್ರೆ ಅಂದುಕೊಂಡರು. 'ಕೋರಿಂತ ದಗ್ಗು' ನಮ್ಮ ನಾಯಿಕೆಮ್ಮು, 'ಧನುರ್ವಾತಂ' ನಮ್ಮ ಧನುರ್ವಾಯು, 'ಪಚ್ಚ ಕಾಮೆರ್ಲು' ನಮ್ಮ ಕಾಮಾಲೆ, 'ನುಲಿ ಪುರುಗುಲು' ನಮ್ಮ ಜಂತುಹುಳು. ನಗುವ ಮಾತೇ ಆದರೂ ಮಗುವಿನ ಮೈಗೆ ಹೋಗುವ ಔಷಧದ ವಿಷಯದಲ್ಲಿ ತಪ್ಪು ಅರ್ಥ ಒಳ್ಳೆಯದಲ್ಲ.

2017ರ ದಡಾರ-ರುಬೆಲ್ಲಾ ಲಸಿಕೆಯ ಗದ್ದಲ ಗಡಿಯವರಿಗೆ ನೆನಪಿರಬೇಕು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಸುತ್ತು ಹಾಕಬೇಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿತ್ತು. ಕರ್ನಾಟಕ, ತಮಿಳುನಾಡು, ಗೋವಾಗಳಲ್ಲಿ ಅದು ಫೆಬ್ರವರಿಯಲ್ಲಿ ಶುರುವಾಯಿತು. ಆಂಧ್ರ, ತೆಲಂಗಾಣಕ್ಕೆ ಬಂದದ್ದು ಆಗಸ್ಟಿನಲ್ಲಿ. ಮೊಬೈಲಿನಲ್ಲಿ ಸುಳ್ಳು ಸುದ್ದಿಗಳೂ ಸೂಜಿಗಿಂತ ಮೊದಲೇ ಗಡಿ ದಾಟಿ ಬಂದವು. ಪಾವಗಡ, ಶಿರಾದ ಹಾಸ್ಟೆಲುಗಳಲ್ಲಿ ಓದುತ್ತಿದ್ದ ನಮ್ಮ ಮಕ್ಕಳು ಅಲ್ಲಿ ಒಮ್ಮೆ ಚುಚ್ಚಿಸಿಕೊಂಡಿದ್ದರು. ಆ ವರ್ಷ ಈಚೆ ಶಾಲೆಗೆ ಸೇರಿದ ಮೇಲೆ ಆಗಸ್ಟಿನಲ್ಲಿ ಮತ್ತೆ ಚೀಟಿ ಬಂತು. "ಆರು ತಿಂಗ್ಳಾಗೆ ಎರಡು ಸಲ ಚುಚ್ಚಿದ್ರೆ ಮಗಾ ತಡೀತೈತಾ" ಎಂದು ತಾಯಂದಿರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮೊದಲೇ ಹಾಕಿಸಿದ್ದರೂ ಈ ಸುತ್ತಿನಲ್ಲಿ ಒಂದು ಹಾಕಿಸಬಹುದು, ಹೆಚ್ಚಿನ ಒಂದು ಡೋಸಿನಿಂದ ಕೇಡಿಲ್ಲ ಎನ್ನುವ ಮಾತನ್ನು ಯಾರಾದರೂ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದರೆ ಅರ್ಧ ಭಯ ಅಲ್ಲೇ ತೀರುತ್ತಿತ್ತು. ಪಾವಗಡ ತಾಲ್ಲೂಕಿನ ತೆಲುಗು ಮನೆಗಳ ತಾಯಂದಿರದೂ ಇದೇ ಪಾಡು, ತಿರುಗುಮುರುಗು. ಅವರ ಚೀಟಿ ಕನ್ನಡದಲ್ಲಿ ಬರುತ್ತದೆ.

ಎರಡು ಕಾರ್ಡು, ಒಂದೇ ಪಟ್ಟಿ

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವುದು ತರುವುದು ಎಲ್ಲ ಗಡಿಯ ಆಚೆ ಈಚೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಆಮೇಲೆ ಗಂಡನ ಮನೆ, ಆಮೇಲೆ ಬೆಂಗಳೂರು. ಕರ್ನಾಟಕದಲ್ಲಿ ಹೆರಿಗೆಯಾದರೆ ಕನ್ನಡದ ತಾಯಿ ಕಾರ್ಡು, ಆಂಧ್ರದಲ್ಲಾದರೆ ತೆಲುಗಿನ ತಾಯಿ-ಮಗುವಿನ ಕಾರ್ಡು. ಕಾರ್ಡಿನ ಭಾಷೆ ಬೇರೆಯಾದರೂ ಲಸಿಕೆಯ ಪಟ್ಟಿ ದೇಶಕ್ಕೆಲ್ಲ ಒಂದೇ. ಹುಟ್ಟಿದಾಗ ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್-ಬಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಐದು ರೋಗಗಳ ಪೆಂಟಾ ಲಸಿಕೆ, ಅದರ ಜೊತೆಯವು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾದ ಮೊದಲನೆಯದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಎರಡನೆಯದು ಮತ್ತು ಡಿ.ಪಿ.ಟಿ. ಬೂಸ್ಟರ್. ಇಲ್ಲಿ ಹಾಕಿಸಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಸರ್ಕಾರಿ ಆಸ್ಪತ್ರೆ, ಉಪಕೇಂದ್ರ, ಅಂಗನವಾಡಿ ಯಾವ ರಾಜ್ಯದ್ದಾದರೂ ಇವೆಲ್ಲ ಪುಕ್ಕಟೆ.

ಕಾರ್ಡು ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಮಗಳನ್ನು ಶಿರಾ ಕಡೆ ಕೊಟ್ಟಿದ್ದೇವೆ. ಬಾಣಂತನ ನಮ್ಮಲ್ಲಿ. ಹದಿನಾಲ್ಕು ವಾರದ ಸೂಜಿ ಹಾಕಿಸಿದ ರಾತ್ರಿ ಮೊಮ್ಮಗನಿಗೆ ಜ್ವರ ಏರಿ ಒಂದು ಸಲ ಫಿಟ್ಸು ಬಂತು. ಆಸ್ಪತ್ರೆಗೆ ಕರೆದೊಯ್ದೆವು, ಸರಿಹೋಯಿತು. ನಮ್ಮ ನರ್ಸಮ್ಮ ಅದನ್ನು ಕಾರ್ಡಿನ ಅಂಚಿನಲ್ಲಿ ತೆಲುಗಿನಲ್ಲಿ ಬರೆದಳು. ಮಗು ಆಮೇಲೆ ತಂದೆಯ ಊರಿಗೆ ಹೋಯಿತು. ಬೂಸ್ಟರಿನ ದಿನ ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳು, ನಮ್ಮ ಬೀಗಿತ್ತಿ ಮಗುವನ್ನು ಎತ್ತಿಕೊಂಡು ಹೋಗಿದ್ದರು. ಅಲ್ಲಿನ ಸಿಸ್ಟರ್ ಹಾಸನ ಕಡೆಯವರು. ಇಂಗ್ಲಿಷಿನ ಬಿ.ಸಿ.ಜಿ., ತಾರೀಖು ಎಲ್ಲ ಓದಿದರು. ಅಂಚಿನ ಬರಹ ಮಾತ್ರ ಗೊತ್ತಾಗಲಿಲ್ಲ. ಪುಣ್ಯಕ್ಕೆ ಸೂಜಿ ಪಕ್ಕಕ್ಕಿಟ್ಟು, ಇದೇನೆಂದು ಕೇಳಿದರು. "ಬೀಗ್ರೇ, ಇದ್ರಾಗೆ ತೆಲುಗ್ನಾಗೆ ಏನೋ ಗೀಚವ್ರೆ, ಫೋನಿಗೆ ಹಾಕ್ಸಿವ್ನಿ ನೋಡಿ" ಎಂದು ಬೀಗಿತ್ತಿ ಫೋನು ಮಾಡಿದರು. ಓದಿ ಹೇಳಿದೆ. ಸಿಸ್ಟರ್ ಆವತ್ತು ಚುಚ್ಚದೆ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ವಿವರ ಕೇಳಿ, ಮಗುವನ್ನು ಪರೀಕ್ಷೆ ಮಾಡಿ, ಮುಂದಿನದನ್ನು ತಾವೇ ನಿಂತು ತೀರ್ಮಾನಿಸಿದರು. ಫಿಟ್ಸು ಬಂದ ಮಗುವಿಗೆಲ್ಲ ಲಸಿಕೆ ಬೇಡವೆಂದಲ್ಲ. ಮುಂದೆ ಏನು ಕೊಡಬೇಕು, ಹೇಗೆ ಕೊಡಬೇಕು ಎಂದು ಹೇಳಲು ಡಾಕ್ಟರಿಗೆ ಆ ಒಂದು ಸಾಲು ಬೇಕು. ಅದಕ್ಕೇ ನಾನು ಈಗ ಊರಿನ ಎಲ್ಲ ಬಾಣಂತಿಯರಿಗೂ ಹೇಳುವುದು: ನರ್ಸಮ್ಮ ಅಂಚಿನಲ್ಲಿ ಏನಾದರೂ ಬರೆದರೆ ಅದನ್ನು ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ, ಇಲ್ಲವೇ ನೀವೇ ಅದರ ಕೆಳಗೆ ಕನ್ನಡದಲ್ಲಿ ಬರೆಯಿರಿ.

ಈಗ ಯು-ವಿನ್ ಎಂಬ ಕಂಪ್ಯೂಟರ್ ಲೆಕ್ಕ ಬಂದಿದೆ. ಮೊಬೈಲ್ ನಂಬರಿಗೆ ಹೊಂದಿಸಿ ಮಗುವಿನ ಲಸಿಕೆಗಳನ್ನು ಅದರಲ್ಲಿ ಏರಿಸುತ್ತಾರೆ. ಯಾವ ರಾಜ್ಯದಲ್ಲಿ ತೆರೆದರೂ ಕಾಣುತ್ತದೆ. ಒಳ್ಳೆಯದೇ. ಆದರೆ ಅದಕ್ಕಿಂತ ಮುಂಚೆ ಹುಟ್ಟಿ ಈಗ ಶಾಲೆಯಲ್ಲಿರುವ ಮಕ್ಕಳ ಲೆಕ್ಕ ಇರುವುದು ಆ ಹಳೆಯ ಕಾರ್ಡಿನಲ್ಲೇ. ನಮ್ಮವರು ಸಿಮ್ಮು ಬದಲಾಯಿಸಿದಷ್ಟು ಸಲ ಅಂಗಿಯನ್ನೂ ಬದಲಾಯಿಸುವುದಿಲ್ಲ, ನಂಬರು ಕೊಡುವಾಗ ಅದೂ ನೆನಪಿರಲಿ.

ಮಗು ಒಂದನೇ ಕ್ಲಾಸಿಗೆ ಸೇರಿತೆಂದರೆ ಲಸಿಕೆ ಮುಗಿಯಿತು ಎಂದು ಕಾರ್ಡನ್ನು ಅಟ್ಟಕ್ಕೆ ಎಸೆಯುತ್ತಾರೆ. ಮುಗಿದಿಲ್ಲ. ಐದರಿಂದ ಆರು ವರ್ಷದೊಳಗೆ ಡಿ.ಪಿ.ಟಿ.ಯ ಎರಡನೇ ಬೂಸ್ಟರ್ ಇದೆ. ಕಂಕುಳ ಕೂಸೂ ಅಲ್ಲ, ದೊಡ್ಡ ಹುಡುಗನೂ ಅಲ್ಲ ಎನ್ನುವ ಈ ವಯಸ್ಸಿನಲ್ಲೇ ಹೆಚ್ಚಾಗಿ ತಪ್ಪಿಹೋಗುತ್ತದೆ. ಆಮೇಲೆ ಹತ್ತು ವರ್ಷಕ್ಕೊಂದು, ಹದಿನಾರಕ್ಕೊಂದು ಟಿ.ಡಿ. ಲಸಿಕೆ. ಹಿಂದೆ ಟಿ.ಟಿ. ಅನ್ನುತ್ತಿದ್ದೆವಲ್ಲ, ಅದಕ್ಕೆ ಗಂಟಲಮಾರಿಯ ತಡೆಯೂ ಸೇರಿ ಟಿ.ಡಿ. ಆಗಿದೆ. ಐದನೇ ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ಹಾಕುವುದು ಇದನ್ನೇ. ಸಗಣಿ, ಗೊಬ್ಬರ, ಮುಳ್ಳು, ಮಚ್ಚು ಇವುಗಳ ನಡುವೆ ಬರಿಗಾಲಲ್ಲಿ ಓಡಾಡುವ ರೈತರ ಮಕ್ಕಳಿಗೆ ಧನುರ್ವಾಯು ದೂರದ ರೋಗವಲ್ಲ.

ನಡುವೆ ಯಾವುದಾದರೂ ತಪ್ಪಿದ್ದರೆ ಎಲ್ಲವನ್ನೂ ಮೊದಲಿನಿಂದ ಚುಚ್ಚುತ್ತಾರೆಂಬ ಭಯ ಬೇಡ. ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಸರ್ಕಾರಿ ಪಟ್ಟಿಯಲ್ಲಿ ವಯಸ್ಸಿನ ಗಡಿಯೂ ಉಂಟು. ದಡಾರದ್ದಕ್ಕೆ ಐದು ವರ್ಷ, ಡಿ.ಪಿ.ಟಿ.ಗೆ ಏಳು ವರ್ಷ. ಅದರೊಳಗೆ ಕೇಳಿ ಹಾಕಿಸಿಕೊಳ್ಳಬೇಕು. 2022ರ ಕೊನೆಯಲ್ಲಿ ಮುಂಬಯಿ, ಮಾಲೆಗಾಂವ್‌ಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸೂಜಿ ತಪ್ಪಿಸಿಕೊಂಡ ಮಕ್ಕಳು ಹೆಚ್ಚಾದ ಕಡೆ ಅದು ಹಾಗೆಯೇ ಹಬ್ಬುವುದು.

ಇನ್ನೊಂದು ಕೇಳುವ ಪ್ರಶ್ನೆ: ಲಸಿಕೆಯ ಕಾಗದ ಇಲ್ಲದಿದ್ದರೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲವೇ? ಸರ್ಕಾರಿ ಶಾಲೆಯಲ್ಲಿ ಹಾಗೆ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಕೂಡ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಟಿ.ಸಿ. ತಡವಾಯಿತು ಎನ್ನುವುದೂ ನೆಪವಾಗಬಾರದು. ಕಾರ್ಡು ಕೇಳುವುದು ಮಗುವಿಗೆ ಏನು ಬಾಕಿ ಇದೆ ಎಂದು ನೋಡಲು. ಕೊರೋನಾ ಲಸಿಕೆಯ ಮೊಕದ್ದಮೆಯಲ್ಲಿ 2022ರ ಮೇ 2ರಂದು ಸುಪ್ರೀಂ ಕೋರ್ಟು, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದಿತು. ಹೀಗೆ ಹಕ್ಕು ನಮ್ಮ ಕೈಯಲ್ಲಿರುವುದರಿಂದಲೇ ಬೇಡ ಅನ್ನುವವರು ಯಾಕೆ ಬೇಡ ಎಂಬುದನ್ನು ಡಾಕ್ಟರ ಹತ್ತಿರ ಕೂತು ಮಾತಾಡಬೇಕು. ಸಂತೆಯ ಮಾತು ಕೇಳಿ ಅಲ್ಲ. ನನ್ನ ತೋಳಿನ ಮೇಲೆ ಹಳೇ ಕಾಲದ ದಾಕು ಹಾಕಿದ ದುಡ್ಡಗಲದ ಕಲೆ ಇದೆ. ನನ್ನ ಮಕ್ಕಳಿಗೆ ಆ ಕಲೆ ಇಲ್ಲ, ಯಾಕೆಂದರೆ 1975ರ ಆಚೆ ಈ ದೇಶದ ನೆಲದಲ್ಲಿ ಸಿಡುಬು ಹುಟ್ಟಲಿಲ್ಲ.

ಗುಲಾಬಿ ಮಾತ್ರೆ, ನೀಲಿ ಮಾತ್ರೆ

ಶಾಲೆಯಲ್ಲಿ ಕೊಡುವ ಮಾತ್ರೆಗಳಲ್ಲಿ ಎರಡು ಬಗೆ. ಒಂದು, ಜಂತುಹುಳುವಿನ ಆಲ್ಬೆಂಡಜೋಲ್. 2015ರಿಂದ ಫೆಬ್ರವರಿ 10ನ್ನು ಜಂತುಹುಳು ನಿವಾರಣೆಯ ದಿನವೆಂದು ನಡೆಸುತ್ತಾರೆ, ಆಗಸ್ಟಿನಲ್ಲಿ ಇನ್ನೊಂದು ಸುತ್ತು. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಎರಡು ವರ್ಷದೊಳಗಿನ ಕೂಸಿಗೆ ಅರ್ಧ. ಇದನ್ನು ಅಗಿದು ತಿನ್ನಬೇಕು. ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು, ಇಡಿಯಾಗಿ ನುಂಗಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ. ಹೊಟ್ಟೆಯಲ್ಲಿ ಹುಳು ಬಹಳ ಇದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಆಗಬಹುದು, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಕೊಕ್ಕೆಹುಳು ಹೋಗುವುದು ಬರಿಗಾಲಿನ ಚರ್ಮದಿಂದ, ಬಯಲಿಗೆ ಹೋಗುವ ಜಾಗದ ಮಣ್ಣಿನಿಂದ. ಮಾತ್ರೆ ಕೊಟ್ಟು ಚಪ್ಪಲಿ ಕೊಡದಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಎರಡನೆಯದು ರಕ್ತಹೀನತೆಗೆ ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆ. ಒಂದರಿಂದ ಐದನೇ ತರಗತಿಗೆ ಗುಲಾಬಿ ಬಣ್ಣದ್ದು, ಆರರಿಂದ ಹನ್ನೆರಡಕ್ಕೆ ನೀಲಿ. ಊಟವಾದ ಮೇಲೆಯೇ ಕೊಡಬೇಕು. ಬೆಳಗ್ಗೆ ಏನೂ ತಿನ್ನದೆ ಬಂದ ಹುಡುಗಿಗೆ ಕೊಟ್ಟರೆ ವಾಂತಿಯಾಗುತ್ತದೆ, ಒಬ್ಬಳು ವಾಂತಿ ಮಾಡಿದರೆ ಕ್ಲಾಸಿಗೆ ಕ್ಲಾಸೇ ಹೆದರುತ್ತದೆ. ಮಾರನೇ ದಿನ ಕಕ್ಕಸು ಕಪ್ಪಗೆ ಬಂದರೆ ಗಾಬರಿಯಾಗಬೇಡಿ, ಅದು ಕಬ್ಬಿಣದ ಬಣ್ಣ. ಮಾತ್ರೆಯ ಜೊತೆ ಟೀ ಕುಡಿಸಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ತಲಸ್ಸೇಮಿಯಾ ಮಗುವಿಗೆ ಮಾತ್ರ ಇದನ್ನು ಕೊಡಬಾರದು. ಅಂಥ ಮಗುವಿನ ತಂದೆತಾಯಿ ಮೊದಲ ದಿನವೇ ಮೇಷ್ಟರಿಗೆ ಬರೆದುಕೊಡಬೇಕು.

ಒಳ್ಳೆಯ ಮಾತ್ರೆಯೇ ಅಳತೆ ಮೀರಿದರೆ ಏನಾಗುತ್ತದೆ ಎನ್ನುವುದು 2023ರ ಮಾರ್ಚಿನಲ್ಲಿ ಊಟಿಯಲ್ಲಿ ಗೊತ್ತಾಯಿತು. ಒಂದು ಶಾಲೆಯ ಮಕ್ಕಳು ಯಾರು ಹೆಚ್ಚು ನುಂಗುತ್ತಾರೆಂದು ಪಂದ್ಯ ಕಟ್ಟಿ ಕಬ್ಬಿಣದ ಮಾತ್ರೆ ನುಂಗಿದರು. ಒಬ್ಬ ಬಾಲಕಿ ಉಳಿಯಲಿಲ್ಲ. ವಾರಕ್ಕೊಂದು ನುಂಗಿದರೆ ರಕ್ತವಾಗುವ ವಸ್ತು ಹಿಡಿಗಟ್ಟಲೆ ಹೋದರೆ ಲಿವರನ್ನು ಕೊಲ್ಲುತ್ತದೆ. ಆದ್ದರಿಂದ ಮೇಷ್ಟರ ಕಣ್ಣೆದುರೇ ಒಂದೊಂದೇ ಕೊಡಬೇಕು. ಮನೆಗೆ ಕೊಟ್ಟ ಚೀಟನ್ನು, ಗರ್ಭಿಣಿಗೆ ಕೊಟ್ಟದ್ದನ್ನೂ ಸೇರಿಸಿ, ಕೂಸಿನ ಕೈಗೆ ಎಟುಕದ ಹಾಗೆ ಇಡಬೇಕು. ಬಣ್ಣ ಪೆಪ್ಪರಮೆಂಟಿನಂತೆ ಇರುತ್ತದೆ.

ಇನ್ನು ನಾವು ಮನೆಯಿಂದ ಕಳಿಸುವ ಔಷಧ. ಜ್ವರ ಇರುವ ಹುಡುಗನ ಜೇಬಿಗೆ ಎರಡು ಮಾತ್ರೆ ಹಾಕಿ, "ಮಧ್ಯಾಹ್ನ ಒಂದು ನುಂಗು ಕಂದಾ" ಎಂದು ಕಳಿಸುವುದು ನಮ್ಮಲ್ಲಿ ಸಾಮಾನ್ಯ. ಅವನು ಅರ್ಧ ಮುರಿದು ಗೆಳೆಯನಿಗೂ ಕೊಡುತ್ತಾನೆ. ಮಕ್ಕಳ ಗೆಳೆತನ ಹಾಗೆಯೇ. ಮೊದಲು ಡಾಕ್ಟರನ್ನೇ ಕೇಳಿ, ದಿನಕ್ಕೆ ಎರಡೇ ಸಲ, ಬೆಳಗ್ಗೆ ರಾತ್ರಿ ಕೊಡುವ ಹಾಗೆ ಬರೆದುಕೊಡಲು ಆಗುತ್ತದೋ ಎಂದು. ಎಷ್ಟೋ ಸಲ ಆಗುತ್ತದೆ. ಮಧ್ಯಾಹ್ನವೇ ಬೇಕೆಂದರೆ ಮಾತ್ರೆಯನ್ನು ಅದರ ಚೀಟಿನಲ್ಲೇ, ಮಗುವಿನ ಹೆಸರು, ಹೊತ್ತು, ಅಳತೆ ಬರೆದು ಮೇಷ್ಟರ ಕೈಗೇ ಕೊಡಿ. ಮೇಷ್ಟರು ಡಾಕ್ಟರಲ್ಲ, ತಮ್ಮ ಬೀರುವಿನಿಂದ ಮಾತ್ರೆ ತೆಗೆದು ಕೊಡಿ ಎಂದು ನಾವು ಕೇಳುವುದೂ ತಪ್ಪು, ಅವರು ಕೊಡುವುದೂ ತಪ್ಪು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ, ಅದರಲ್ಲೂ ಮೈಮೇಲೆ ಅಮ್ಮ ಎದ್ದಾಗ. ಕೆಮ್ಮಿನ ಸಿರಪ್ಪಿನ ವಿಷಯ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತ ಮೇಲೆ ಎಲ್ಲರಿಗೂ ತಿಳಿದಿದೆ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧ ಕೊಡಬೇಡಿ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆಯೇ ಆಗ ಹೇಳಿತು. ಅಂಗಡಿಯಲ್ಲಿ ಕೇಳಿ ತರುವ ಚಾಳಿ ಇನ್ನೂ ನಿಂತಿಲ್ಲ.

ಫಿಟ್ಸು, ಆಸ್ತಮಾ, ಸಕ್ಕರೆ ಕಾಯಿಲೆ ಇರುವ ಮಕ್ಕಳ ವಿಷಯವನ್ನು ತಂದೆತಾಯಿ ಮುಚ್ಚಿಡುತ್ತಾರೆ. ಹೆಣ್ಣುಮಗುವಾದರಂತೂ, ನಾಳೆ ಮದುವೆಗೆ ಅಡ್ಡಿಯಾದೀತೆಂದು. ಮುಚ್ಚಿಟ್ಟ ಕಾಯಿಲೆ ಶಾಲೆಯಲ್ಲಿ ಎದ್ದರೆ ಮೇಷ್ಟರು ಮಾಡುವುದೇನು? ನಮ್ಮ ಹಳೇ ಪದ್ಧತಿಯಂತೆ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಇದಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಕೊರಳ ಗುಂಡಿ ಬಿಚ್ಚಿ, ಬಾಯಿಗೆ ಏನೂ ಹಾಕದೆ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108. ಗಡಿ ಹಳ್ಳಿಗಳಲ್ಲಿ ಮೊಬೈಲು ಯಾವ ಕಡೆಯ ಟವರು ಹಿಡಿಯುತ್ತದೋ ಆ ಕಡೆಗೆ ಕರೆ ಹೋಗಬಹುದು. ಅದಕ್ಕೇ ಊರಿನ ಹೆಸರಿನ ಜೊತೆಗೆ ಮಂಡಲ, ಜಿಲ್ಲೆ, ರಾಜ್ಯ ಮೂರನ್ನೂ ಮೊದಲೇ ಹೇಳಿಬಿಡಬೇಕು.

ಹಾಜರಿಯ ಭಯ

ಕಾಯಿಲೆ ಬಿದ್ದ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಲು ಈಗ ತಾಯಂದಿರು ಹೆದರುತ್ತಾರೆ. ಕಾರಣ ದುಡ್ಡು. ಆಂಧ್ರದಲ್ಲಿ 2020ರಲ್ಲಿ 'ಅಮ್ಮ ಒಡಿ' ಎಂದು ಶುರುವಾದದ್ದು, ಸರ್ಕಾರ ಬದಲಾದ ಮೇಲೆ 2025ರ ಜೂನಿನಲ್ಲಿ 'ತಲ್ಲಿಕಿ ವಂದನಂ' ಎಂದು ಬಂತು. ಮಗುವೊಂದಕ್ಕೆ 15,000 ರೂಪಾಯಿ ಲೆಕ್ಕ, ಅದರಲ್ಲಿ 2,000 ಹಿಡಿದು 13,000 ತಾಯಿಯ ಖಾತೆಗೆ. ಇದಕ್ಕೆ ಶೇಕಡಾ 75ರ ಹಾಜರಿ ಬೇಕು. "ಒಂದು ದಿನ ತಪ್ಪಿದ್ರೂ ದುಡ್ಡು ಹೋಗ್ತೈತಂತೆ" ಎಂದು ಮೈ ಸುಡುವ ಮಗುವಿಗೆ ಸ್ವೆಟರ್ ತೊಡಿಸಿ ಕಳಿಸಿದ್ದನ್ನು ನೋಡಿದ್ದೇನೆ.

ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ, ಆರರಿಂದ ಎಂಟಕ್ಕೆ 220 ದಿನ. 200ಕ್ಕೆ ಶೇಕಡಾ 75 ಅಂದರೆ 150. ಐವತ್ತು ದಿನ ಕೈಯಲ್ಲಿ ಉಳಿಯಿತು. 220ಕ್ಕೆ 165, ಉಳಿದದ್ದು ಐವತ್ತೈದು. ನೀರು ಸಿಡುಬಿಗೆ ಹತ್ತು ದಿನ, ಎರಡು ಸಲ ಜ್ವರಕ್ಕೆ ಮೂರು ಮೂರು ದಿನ, ಒಂದು ಸಲ ಬೇಧಿಗೆ ಎರಡು ದಿನ ಅಂದರೂ ಹದಿನೆಂಟು. ಹಾಜರಿ ತಿನ್ನುವುದು ಕಾಯಿಲೆಯಲ್ಲ. ಕಡಲೆಕಾಯಿ ಕೀಳುವ ವಾರ, ಜಾತ್ರೆ, ಮದುವೆ, ದನ ಕಾಯಲು ಆಳು ಸಿಗದ ದಿನ, ಇವೆಲ್ಲ ಕೂಡಿ ತಿನ್ನುತ್ತವೆ.

ಎಷ್ಟು ದಿನ ಇರಿಸಿಕೊಳ್ಳಬೇಕು? ಮಾಮೂಲಿ ಜ್ವರವಾದರೆ, ಮಾತ್ರೆ ಇಲ್ಲದೆಯೇ ಒಂದು ಪೂರ್ತಿ ದಿನ ಜ್ವರ ಬಿಟ್ಟಿರಬೇಕು. ವಾಂತಿ ಬೇಧಿಗೆ ನಿಂತ ಮೇಲೆ ಒಂದು ದಿನ, ಎರಡಾದರೆ ಇನ್ನೂ ಒಳ್ಳೆಯದು. ದಡಾರಕ್ಕೆ ಗುಳ್ಳೆ ಎದ್ದ ಮೇಲೆ ನಾಲ್ಕು ದಿನ. ಮಂಗನಬಾವಿಗೆ ಕೆನ್ನೆ ಊದಿದ ಮೇಲೆ ಐದು ದಿನ. ಕಾಮಾಲೆಗೆ ಕಣ್ಣು ಹಳದಿಯಾದ ಮೇಲೆ ಒಂದು ವಾರವಾದರೂ. ನೀರು ಸಿಡುಬಿಗೆ, ತೆಲುಗಿನವರು ಆಟಲಮ್ಮ ಎನ್ನುವುದಕ್ಕೆ, ಎಲ್ಲ ಗುಳ್ಳೆಯೂ ಒಣಗಿ ಹೊಪ್ಪಳೆಯಾಗುವವರೆಗೆ. ತಲೆಯ ಹೇನಿಗೆ ಮನೆಯಲ್ಲಿ ಕೂರಿಸುವುದು ಬೇಕಿಲ್ಲ, ಸಂಜೆ ಕೂತು ತೆಗೆದರೆ ಆಯಿತು.

ಅಮ್ಮ ಎದ್ದ ಮನೆಗೆ ನಮ್ಮ ಹಿರಿಯರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಬರುವಂತಿಲ್ಲ, ಮಗು ಹೊರಗೆ ಹೋಗುವಂತಿಲ್ಲ. ಈಗಿನ ಡಾಕ್ಟರು ಹೇಳುವುದೂ ಅಷ್ಟೇ, ಸೊಪ್ಪಿನ ಬದಲು ರಜೆಯ ಅರ್ಜಿ. ಹಿರಿಯರ ಪದ್ಧತಿಯಲ್ಲಿ ನಾನು ಒಪ್ಪದ್ದು ಒಂದೇ, ಅಮ್ಮ ಮುನಿಯುತ್ತಾಳೆಂದು ಔಷಧ ಮುಟ್ಟಿಸದೆ ಇರುವುದು. ದಡಾರದ ಮಗುವಿಗೆ ಎ ಜೀವಸತ್ವದ ಡೋಸು ಕೊಡಿಸಬೇಕು, ಕಣ್ಣು ಉಳಿಯುತ್ತದೆ. ಉಸಿರು ಮೇಲುಮೇಲಕ್ಕೆ ಬಂದರೆ ಬೇವಿನ ಎಲೆ ಬೀಸುತ್ತ ಕೂರಬಾರದು. ರಜೆಯ ಅರ್ಜಿಯಲ್ಲಿ ಬರೀ 'ಹುಷಾರಿಲ್ಲ' ಎಂದು ಬರೆಯುವ ಬದಲು ಕಾಯಿಲೆಯ ಹೆಸರು ಬರೆದರೆ ಮೇಷ್ಟರು ಪಕ್ಕದ ಬೆಂಚಿನ ಮಕ್ಕಳ ಮೇಲೆ ಕಣ್ಣಿಡಬಹುದು.

ಆದೋನಿ, ಕೋಸಿಗಿ ಕಡೆಯ ಕುಟುಂಬಗಳು ಸಂಕ್ರಾಂತಿಯ ಆಸುಪಾಸಿಗೆ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತವೆ, ನಮ್ಮ ಕಡೆಯವರು ಬೆಂಗಳೂರಿಗೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಫೆಬ್ರವರಿಯ ಜಂತುಹುಳು ಮಾತ್ರೆ, ಐದು ವರ್ಷದ ಬೂಸ್ಟರ್ ಎಲ್ಲ ಅಷ್ಟರಲ್ಲೇ ತಪ್ಪುವುದು. ಹೋದ ಕಡೆಯ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕೇಳಿದರೆ ಕೊಡುತ್ತಾರೆ. ಪಾತ್ರೆ ಪಡಗ, ರೇಷನ್ ಕಾರ್ಡು ಮೂಟೆ ಕಟ್ಟುವಾಗ ಮಗುವಿನ ಕಾರ್ಡೂ ಅದರೊಳಗೆ ಹೋಗಲಿ. ಅದರ ಒಂದು ಫೋಟೋ ಫೋನಿನಲ್ಲಿರಲಿ, ಇನ್ನೊಂದು ಊರಿನಲ್ಲಿ ಉಳಿದ ಅಜ್ಜಿಯ ಕೈಯಲ್ಲಿ.

ಚೀಟಿಯ ಭಾಷೆಯ ಮಾತು ಬಾಕಿ ಇದೆ. ಮಡಕಶಿರ, ರಾಯದುರ್ಗ, ಆದೋನಿ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿ ಪಾಠ ಕನ್ನಡದಲ್ಲಿ ನಡೆದರೂ ಮೇಲಿನಿಂದ ಬರುವ ಆರೋಗ್ಯದ ಸುತ್ತೋಲೆ ತೆಲುಗು ಇಲ್ಲವೇ ಇಂಗ್ಲಿಷಿನಲ್ಲೇ ಇರುತ್ತದೆ. ಕಾಗದದ ಒಂದು ಮಗ್ಗುಲು ಖಾಲಿಯೇ ಇರುವಾಗ ಅಲ್ಲಿ ಕನ್ನಡ ಅಚ್ಚು ಹಾಕಲು ಇಲಾಖೆಗೆ ದೊಡ್ಡ ಖರ್ಚೇನೂ ಬೀಳದು. ಇದನ್ನು ಮಂಡಲದ ಅಧಿಕಾರಿಗಳ ಮುಂದೆ ನಾವು ಎರಡು ಸಲ ಹೇಳಿದ್ದೇವೆ, ಇನ್ನೂ ಹೇಳುತ್ತೇವೆ. ಅಲ್ಲಿಯವರೆಗೆ ನಮ್ಮ ಪಕ್ಕದ ಊರಿನ ಮೇಷ್ಟರೊಬ್ಬರು ತಾವೇ ಪ್ರತಿ ಚೀಟಿಯ ಕೆಳಗೆ ಪೆನ್ನಿನಿಂದ ಕನ್ನಡದಲ್ಲಿ ಮೂರು ಸಾಲು ಬರೆಯುತ್ತಿದ್ದಾರೆ: ಏನು ಕೊಡುತ್ತೇವೆ, ಯಾವತ್ತು, ಮಗುವಿಗೆ ಬೇರೆ ಕಾಯಿಲೆ ಇದ್ದರೆ ತಿಳಿಸಿ. ಕಳೆದ ಸಲ ಆ ಚೀಟಿಗಳು ತಿರುಗಿ ಬಂದಾಗ ಒಂದರ ಮೇಲೆ ಪೆನ್ಸಿಲಿನಲ್ಲಿ ಹೀಗಿತ್ತು: "ಸಾರ್, ನನ್ನ ಮಗಳು ಫಿಟ್ಸಿನ ಮಾತ್ರೆ ತಗೊಂತಾಳೆ. ಇದು ಕೊಡಬಹುದಾ ಡಾಕ್ಟರನ್ನ ಕೇಳಿ ಕೊಡಿ." ಆ ಹುಡುಗಿ ಆ ಶಾಲೆಗೆ ಸೇರಿ ಮೂರು ವರ್ಷವಾಗಿತ್ತು.